ಆತಂಕ ಯಾವಾಗ ಕಾಯಿಲೆಯಾಗುತ್ತದೆ?

(ಮಾಟುಂಗದ ಕನ್ನಡ ಸಂಘವೊಂದರಲ್ಲಿ ನಡೆದ ಸಾರ್ವಜನಿಕ ಆರೋಗ್ಯ ಉಪನ್ಯಾಸದ ಬರಹ ರೂಪ. ಉಪನ್ಯಾಸಕರು ಮುಂಬಯಿಯಲ್ಲಿ ಮನೋವೈದ್ಯರು.)

ಹಿರಿಯರೇ, ಬಂಧುಗಳೇ,

ಆತಂಕವನ್ನು ಬುಡಸಮೇತ ಕಿತ್ತುಹಾಕುವ ಉಪಾಯ ತಿಳಿದುಕೊಂಡು ಹೋಗೋಣವೆಂದು ಯಾರಾದರೂ ಬಂದಿದ್ದರೆ ಅವರಿಗೆ ಮೊದಲೇ ನಿರಾಸೆ ಮಾಡಿಬಿಡುತ್ತೇನೆ. ಅಂಥ ಉಪಾಯವಿಲ್ಲ, ಇದ್ದರೂ ಅದು ನಮಗೆ ಬೇಡ. ಹನ್ನೆರಡನೆಯ ತರಗತಿಯ ಪರೀಕ್ಷೆ ಹತ್ತಿರವಾದಾಗ ಮಗಳಿಗೆ ನಿದ್ದೆ ಸರಿಯಾಗಿ ಬಾರದಿರುವುದು, ಲೈಸನ್ಸ್ ನವೀಕರಣದ ಹೊತ್ತಿಗೆ ಹೋಟೆಲ್ ನಡೆಸುವವರಿಗೆ ಊಟ ರುಚಿಸದಿರುವುದು, ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆ ಬಿಟ್ಟುಕೊಟ್ಟು ಬೇರೆಡೆ ಹೋಗಿರುವ ನಿವೃತ್ತರು ಬಿಲ್ಡರ್ ಈ ತಿಂಗಳ ಬಾಡಿಗೆ ಹಾಕಿದನೋ ಇಲ್ಲವೋ ಎಂದು ಮತ್ತೆ ಮತ್ತೆ ಪಾಸ್‌ಬುಕ್ ತೆರೆದು ನೋಡುವುದು, ಇವೆಲ್ಲ ಮನಸ್ಸು ಎಚ್ಚರವಾಗಿದೆ ಎಂಬುದರ ಗುರುತುಗಳು. ಕಳೆದುಕೊಳ್ಳುವಂಥದ್ದು ಇದ್ದವರಿಗೆ ಕಳವಳವೂ ಇರುತ್ತದೆ.

ಹಾಗಾದರೆ ಅದು ಎಲ್ಲಿ ತೊಂದರೆಯ ರೂಪ ತಾಳುತ್ತದೆ? ತುಂಬ ಜಾಸ್ತಿಯಾದಾಗ ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ. ಎದೆ ಢವಢವ ಹೊಡೆದುಕೊಳ್ಳುತ್ತಿದ್ದರೂ ತಮ್ಮ ಕೆಲಸವನ್ನೆಲ್ಲ ಮಾಡಿಕೊಂಡು ಹೋಗುವವರನ್ನು ನಾನು ನೋಡಿದ್ದೇನೆ. ನನಗೆ ಭಯಗಿಯ ಏನೂ ಇಲ್ಲ ಎನ್ನುತ್ತಲೇ, ಭಯ ಬರಬಹುದಾದ ಜಾಗಗಳನ್ನೆಲ್ಲ ಒಂದೊಂದಾಗಿ ಬಿಟ್ಟು, ಬದುಕನ್ನು ಎರಡು ಕೋಣೆಯೊಳಗೆ ಮುದುಡಿಕೊಂಡವರನ್ನೂ ನೋಡಿದ್ದೇನೆ. ಚಿಕಿತ್ಸೆಯ ಅಗತ್ಯ ಹೆಚ್ಚಾಗಿರುವುದು ಈ ಎರಡನೆಯವರಿಗೆ. ಆದ್ದರಿಂದಲೇ ನನ್ನ ಬಳಿ ಬಂದವರಿಗೆ ಎಷ್ಟು ಹೆದರಿಕೆಯಾಗುತ್ತದೆ ಎಂದು ಕೇಳುವ ಮೊದಲು, ಹೆದರಿಕೆಯ ಕಾರಣಕ್ಕೆ ಏನೇನನ್ನು ಬಿಟ್ಟಿದ್ದೀರಿ ಎಂದು ಕೇಳುತ್ತೇನೆ. ಇಂದಿನ ಮಾತೆಲ್ಲ ಈ ಪ್ರಶ್ನೆಯನ್ನು ಹಿಡಿದೇ ಸಾಗುತ್ತದೆ.

ದೇಹದಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಅಪಾಯ ಎದುರಾದಾಗ ಪ್ರಾಣಿಯ ಶರೀರ ಹೋರಾಡುವುದಕ್ಕೋ ಓಡಿಹೋಗುವುದಕ್ಕೋ ಹೇಗೆ ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರವಾಗಿ ಬರೆದರು. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಹೊಟ್ಟೆಯ ಕಡೆಗಿದ್ದ ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ತಿರುಗುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಮೆದುಳಿನ ಆಳದಲ್ಲಿರುವ ಅಮಿಗ್ಡಾಲ ಎಂಬ ಪುಟ್ಟ ಭಾಗ ಇದಕ್ಕೆಲ್ಲ ಚಾಲನೆ ಕೊಡುವಾಗ, ನಿಧಾನವಾಗಿ ಯೋಚಿಸಿ ತೂಗಿ ನೋಡುವ ಮುಂಭಾಗದ ಮೆದುಳಿಗೆ ಇನ್ನೂ ಪೂರ್ತಿ ಸುದ್ದಿ ಮುಟ್ಟಿರುವುದಿಲ್ಲ. ಲೋಕಲ್ ರೈಲಿನ ಅಪಾಯದ ಸರಪಳಿಗೆ ಅದನ್ನು ಎಳೆದವರ ಕಾರಣ ಗೊತ್ತಾಗುವುದಿಲ್ಲ. ಬೆಂಕಿ ಬಿದ್ದು ಎಳೆದರೂ, ಚೀಲ ಪ್ಲಾಟ್‌ಫಾರ್ಮಿನಲ್ಲಿ ಮರೆತು ಎಳೆದರೂ ಗಾಡಿ ನಿಲ್ಲುತ್ತದೆ. ನಮ್ಮೊಳಗಿನ ವ್ಯವಸ್ಥೆಯೂ ಹಾಗೆಯೇ: ಹಾವು ಕಂಡಾಗಲೂ, ಮಗ ಫೋನ್ ಎತ್ತದೆ ಹೋದಾಗಲೂ ಅದು ದೇಹವನ್ನು ಒಂದೇ ಬಗೆಯಲ್ಲಿ ಸಜ್ಜುಗೊಳಿಸುತ್ತದೆ.

ಈ ವ್ಯವಸ್ಥೆ ಒಳ್ಳೆಯದನ್ನು ಮಾಡುವುದನ್ನು ಈ ಊರಿನವರು ಚೆನ್ನಾಗಿ ಬಲ್ಲರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿಯನ್ನು ನೀರಿನ ನಡುವೆ, ಬಸ್ಸಿನ ಮೇಲೆ, ಗುರುತಿಲ್ಲದವರ ಮನೆಯ ಮೆಟ್ಟಿಲ ಮೇಲೆ ಕಳೆದವರು ಈ ಸಭೆಯಲ್ಲೂ ಇರಬಹುದು. ಆ ಬಳಿಕ ಮಳೆ ಜೋರಾದಾಗ ಮನಸ್ಸು ಅಳುಕುವುದು, ಸಮುದ್ರದ ಭರತ ಎಷ್ಟು ಹೊತ್ತಿಗೆ, ಅಲೆ ನಾಲ್ಕೂವರೆ ಮೀಟರ್ ದಾಟುತ್ತದೆಯೇ ಎಂದು ಪೇಪರಿನಲ್ಲಿ ನೋಡಿ ಹೊರಡುವುದು, ಮಕ್ಕಳಿಗೆ ಮಳೆನೀರು ನಿಲ್ಲುವ ಹಿಂದ್ಮಾತಾದ ಕಡೆ ಹೋಗಬೇಡಿ ಎನ್ನುವುದು, ಇವೆಲ್ಲ ವಿವೇಕದ ಲಕ್ಷಣಗಳು. ಅದೇ ಅನುಭವ ಪಡೆದ ಇನ್ನೊಬ್ಬರು ಜೂನ್ ಬಂತೆಂದರೆ ಮನೆಯಿಂದ ಹೊರಗೆ ಕಾಲಿಡುವುದನ್ನೇ ನಿಲ್ಲಿಸುತ್ತಾರೆ, ಆಕಾಶ ಕಪ್ಪಾದರೆ ಕೆಲಸದಲ್ಲಿರುವ ಮಗನನ್ನು ಫೋನ್ ಮಾಡಿ ವಾಪಸು ಕರೆಸುತ್ತಾರೆ ಎಂದುಕೊಳ್ಳಿ. ಭಯದ ಮೂಲ ಒಂದೇ, ಕಾರಣವೂ ನಿಜವಾದದ್ದೇ. ಆದರೆ ಮೊದಲನೆಯವರನ್ನು ಆತಂಕ ಕಾಪಾಡುತ್ತಿದೆ, ಎರಡನೆಯವರ ನಾಲ್ಕು ತಿಂಗಳನ್ನು ಪ್ರತಿವರ್ಷ ಕಿತ್ತುಕೊಳ್ಳುತ್ತಿದೆ.

ವೈದ್ಯರು ಬಳಸುವ ಅಳತೆಗಳೂ ಇವೆ. ಸಾಮಾನ್ಯೀಕೃತ ಆತಂಕದ ಕಾಯಿಲೆ ಎಂದು ನಾವು ಕರೆಯುವುದರಲ್ಲಿ, ಒಂದಲ್ಲ ಹಲವು ವಿಷಯಗಳ ಬಗ್ಗೆ, ಕಡಿಮೆಯೆಂದರೆ ಆರು ತಿಂಗಳ ಕಾಲ, ಹೆಚ್ಚಿನ ದಿನಗಳಲ್ಲಿ ತಡೆಯಲಾಗದ ಚಿಂತೆ ಇರಬೇಕು. ಅದರ ಜೊತೆಗೆ ಚಡಪಡಿಕೆ, ಬೇಗ ದಣಿವು, ಗಮನ ನಿಲ್ಲದಿರುವುದು, ಸಿಡುಕು, ಮೈಯ ಬಿಗಿತ, ನಿದ್ರಾಭಂಗ, ಇವುಗಳಲ್ಲಿ ಮೂರಾದರೂ ಕಾಣಬೇಕು. ಈ ಪಟ್ಟಿಯಲ್ಲಿರುವ ಸಿಡುಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕೆನಿಸುತ್ತದೆ. ನಮ್ಮ ಮನೆಗಳಲ್ಲಿ ಗಂಡಸು ತನಗೆ ಹೆದರಿಕೆಯಾಗುತ್ತಿದೆ ಎಂದು ಹೇಳುವ ಪದ್ಧತಿಯಿಲ್ಲ. ಹೇಳಿದರೆ ಉತ್ತರಕುಮಾರ ಎಂದು ನಗುತ್ತಾರೆ. ಹಾಗಾಗಿ ಆತನ ಆತಂಕ ಬೈಗುಳವಾಗಿ ಹೊರಗೆ ಬರುತ್ತದೆ. ಮಗಳು ಬರುವುದು ಅರ್ಧ ಗಂಟೆ ತಡವಾದರೆ ಬಾಗಿಲಲ್ಲೇ ಕೂಗಾಡುವ ತಂದೆ, ವಿದ್ಯುತ್ ಬಿಲ್ಲಿನ ಕೊನೆಯ ದಿನಕ್ಕೆ ವಾರ ಇರುವಾಗಲೇ ಮನೆಯವರ ಮೇಲೆ ಹರಿಹಾಯುವ ಅಜ್ಜ, ಇವರನ್ನು ಮುಂಗೋಪಿಗಳೆಂದು ಎಲ್ಲರೂ ಹೇಳಿರುತ್ತಾರೆ, ಆತಂಕದಿಂದ ಬಳಲುತ್ತಿದ್ದಾರೆಂದು ಯಾರೂ ಹೇಳಿರುವುದಿಲ್ಲ. ವರ್ಷಗಟ್ಟಲೆ ಚಿಕಿತ್ಸೆ ತಪ್ಪುವುದು ಹೀಗೆಯೇ.

ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು 2006ರಲ್ಲಿ ಪ್ರಕಟವಾದ ಜಿಎಡಿ-7 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಅದು ಜರಡಿಯೇ ಹೊರತು ತೀರ್ಪಲ್ಲ. ಪರೀಕ್ಷೆಯ ವಾರದಲ್ಲೋ ಮನೆಯಲ್ಲಿ ಸಾವಾದ ತಿಂಗಳಲ್ಲೋ ಯಾರಿಗಾದರೂ ಹತ್ತು ದಾಟಬಹುದು.

ಇನ್ನು ಗಾಬರಿಯ ದಾಳಿ, ಎಲ್ಲರೂ ಹೇಳುವ ಹಾಗೆ ಪ್ಯಾನಿಕ್ ಅಟ್ಯಾಕ್. ಕಾರಣವೇ ಇಲ್ಲವೆಂಬಂತೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಾಲದೆನಿಸುತ್ತದೆ, ಬೆರಳ ತುದಿ, ತುಟಿಯ ಸುತ್ತ ಜುಮುಗುಡುತ್ತದೆ, ತಲೆ ತಿರುಗುತ್ತದೆ, ಸತ್ತೇಹೋಗುತ್ತೇನೆ ಅಥವಾ ತಲೆ ಕೆಡುತ್ತದೆ ಎಂಬ ಖಚಿತ ಭಾವನೆ ಮೂಡುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಬಳಿಕ ಇಳಿಯುತ್ತದೆ. ಜುಮುಗುಡುವುದಕ್ಕೂ ತಲೆ ತಿರುಗುವುದಕ್ಕೂ ಮುಖ್ಯ ಕಾರಣ, ಬಿರುಸಾಗಿ ಉಸಿರಾಡಿದ್ದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದು. ಅಂದರೆ ಉಸಿರು ಸಾಲದೆನಿಸಿದಾಗ ಇನ್ನಷ್ಟು ಜೋರಾಗಿ ಎಳೆದುಕೊಂಡರೆ ತೊಂದರೆ ಹೆಚ್ಚುತ್ತದೆ. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಗೆ ಬಿಡುವುದರಿಂದ ತಗ್ಗುತ್ತದೆ. ಮುಖಕ್ಕೆ ಚೀಲ ಹಿಡಿದು ಉಸಿರಾಡಿಸುವ ಹಳೆಯ ಉಪಾಯವನ್ನು ದಯವಿಟ್ಟು ಮಾಡಬೇಡಿ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರಿಗೆ ಅದು ಅಪಾಯ.

ಇದು ಹೊಸ ಕಾಯಿಲೆಯೇನಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ, ಹೃದಯದಲ್ಲಿ ದೋಷ ಕಾಣದಿದ್ದರೂ ಎದೆಬಡಿತ, ಉಬ್ಬಸ, ಎದೆನೋವು ಇದ್ದುದನ್ನು ಜೇಕಬ್ ಡ ಕೋಸ್ಟ ಎಂಬ ವೈದ್ಯರು 1871ರಲ್ಲೇ ವರದಿ ಮಾಡಿದ್ದರು. ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದರ ಸುಳಿಯನ್ನು ಬಿಡಿಸಿ ತೋರಿಸಿದರು: ಎದೆಬಡಿತದಂಥ ನಿರಪಾಯದ ದೈಹಿಕ ಅನುಭವವನ್ನು ಮನಸ್ಸು ಮಹಾ ಅನಾಹುತದ ಸೂಚನೆ ಎಂದು ಅರ್ಥಮಾಡಿಕೊಳ್ಳುತ್ತದೆ, ಆ ಅರ್ಥದಿಂದ ಭಯ ಹೆಚ್ಚುತ್ತದೆ, ಭಯದಿಂದ ಬಡಿತ ಇನ್ನೂ ಹೆಚ್ಚುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಎದೆನೋವೆಲ್ಲ ಟೆನ್ಷನ್ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ನಮ್ಮ ದೇಶದವರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಸಣ್ಣ ವಯಸ್ಸಿನಲ್ಲೇ ಬರುತ್ತದೆ. ಮೊದಲ ಸಲ ಎದೆನೋವು ಬಂದವರು ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಲೇಬೇಕು. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ರಕ್ತಹೀನತೆ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರಾ ಇಳಿಯುವುದು, ಕೆಲವು ಆಸ್ತಮಾ ಔಷಧಗಳು, ದಿನಕ್ಕೆ ಆರೇಳು ಲೋಟ ಫಿಲ್ಟರ್ ಕಾಫಿ, ಇವೂ ಆತಂಕದಂತೆಯೇ ಕಾಣಬಲ್ಲವು. ನಾನು ಹೇಳುತ್ತಿರುವುದು, ಎಲ್ಲ ತಪಾಸಣೆಯೂ ಸರಿಯಾಗಿ ಬಂದ ಮೇಲೂ ಡಾಕ್ಟರಿಂದ ಡಾಕ್ಟರಿಗೆ ಅಲೆಯುತ್ತ, ಎಕೋ, ಎಂಡೋಸ್ಕೋಪಿ, ಸ್ಕ್ಯಾನುಗಳ ದಪ್ಪ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಗ್ಯಾಸಿನ ಮಾತ್ರೆ ನುಂಗುತ್ತ ವರ್ಷಗಳನ್ನು ಕಳೆಯುವವರ ಬಗ್ಗೆ.

ಒಮ್ಮೆ ದಾಳಿಯಾದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು. ಮತ್ತೆ ಬಂದೀತೆಂಬ ಅಂಜಿಕೆ ತಿಂಗಳಿಗೂ ಮಿಕ್ಕಿ ಉಳಿದು, ಅದಕ್ಕಾಗಿ ನಡವಳಿಕೆಯೇ ಬದಲಾದಾಗ ಅದನ್ನು ಕಾಯಿಲೆಯೆಂದು ಪರಿಗಣಿಸುತ್ತೇವೆ. ಆ ಬದಲಾವಣೆ ಮುಂಬಯಿಯಲ್ಲಿ ರೈಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಲವರ ಅನುಭವವನ್ನು ಒಬ್ಬರದೆಂಬಂತೆ ಸೇರಿಸಿ ಹೇಳುತ್ತೇನೆ. ಡೊಂಬಿವಲಿಯಿಂದ ಕೋಟೆ (ಫೋರ್ಟ್) ಪ್ರದೇಶದ ಕಡೆ ಕೆಲಸಕ್ಕೆ ಹೋಗುವ ಒಬ್ಬರಿಗೆ ಫಾಸ್ಟ್ ಲೋಕಲಿನ ಗರ್ದಿಯಲ್ಲಿ, ಠಾಣೆಗೂ ಘಾಟ್ಕೋಪರಿಗೂ ನಡುವೆ, ಗಾಬರಿಯ ದಾಳಿಯಾಗುತ್ತದೆ. ಮರುದಿನದಿಂದ ಅವರು ಸ್ಲೋ ಗಾಡಿ ಹಿಡಿಯುತ್ತಾರೆ, ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ದಾಣ ಬರುತ್ತದೆ, ಬೇಕೆಂದರೆ ಇಳಿಯಬಹುದು ಎಂಬ ಧೈರ್ಯಕ್ಕೆ. ಕೆಲವು ವಾರಗಳ ಬಳಿಕ ಬಾಗಿಲ ಬಳಿ ಜಾಗ ಸಿಗದಿದ್ದರೆ ಗಾಡಿ ಬಿಡುತ್ತಾರೆ. ಆಮೇಲೆ ಫಸ್ಟ್ ಕ್ಲಾಸ್ ಪಾಸು, ಆಮೇಲೆ ಶೇರ್ ಕ್ಯಾಬ್, ಆಮೇಲೆ ಮನೆಯಿಂದಲೇ ಕೆಲಸ, ಕೊನೆಗೆ ಮನೆಯ ಹತ್ತಿರದ ಕಡಿಮೆ ಸಂಬಳದ ಕೆಲಸ. ಪ್ರತಿಯೊಂದು ಹೆಜ್ಜೆಗೂ ಅವರ ಬಳಿ ಒಪ್ಪುವಂಥ ಕಾರಣವಿತ್ತು: ಬೆನ್ನುನೋವು, ಗರ್ದಿ, ಸಮಯ. ಹೆದರಿಕೆ ಎಂಬ ಮಾತು ಎಲ್ಲಿಯೂ ಬರಲಿಲ್ಲ. ಊರಿನ ಮದುವೆಗೆ ಹೋಗದೆ ಮೂರು ವರ್ಷವಾದದ್ದು ಏಕೆಂದು ಹೆಂಡತಿ ಕೇಳಿದಾಗಲೇ ಲೆಕ್ಕ ಸಿಕ್ಕಿದ್ದು.

ತಪ್ಪಿಸಿಕೊಳ್ಳುವಿಕೆ ಹೀಗೇಕೆ ಬೆಳೆಯುತ್ತದೆ? ಅದು ತಕ್ಷಣ ಫಲ ಕೊಡುತ್ತದೆ ಎಂಬುದೇ ಕಾರಣ. ಗಾಡಿ ಹತ್ತದೆ ಹಿಂದಿರುಗಿದ ಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನವಾಗಿ, ಮುಂದಿನ ಸಲವೂ ಹಾಗೆಯೇ ಮಾಡು ಎಂದು ಮೆದುಳಿಗೆ ಕಲಿಸುತ್ತದೆ. ಗಾಡಿಯಲ್ಲೇ ಉಳಿದಿದ್ದರೆ ಭಯ ತಾನಾಗಿ ಇಳಿಯುತ್ತಿತ್ತು ಎಂಬ ಪಾಠ ಕಲಿಯುವ ಅವಕಾಶ ತಪ್ಪಿಹೋಗುತ್ತದೆ.

ಇದರಲ್ಲಿ ಮನೆಯವರ ಪಾಲೂ ಇದೆ, ಅದೂ ಪ್ರೀತಿಯಿಂದ. ಅಮ್ಮನಿಗೆ ಲಿಫ್ಟೆಂದರೆ ಹೆದರಿಕೆ ಎಂದು ಎಲ್ಲರೂ ಮೆಟ್ಟಿಲು ಹತ್ತುವುದು, ಅತ್ತೆಗೆ ಗಾಬರಿಯಾಗುತ್ತದೆ ಎಂದು ಸೊಸೆ ದಾದರ್‌ನಿಂದ ಒಂದು, ಕುರ್ಲಾದಿಂದ ಒಂದು ಫೋನ್ ಮಾಡುವುದು, ಮಗನಿಗೆ ವೇದಿಕೆಯ ಭಯವೆಂದು ಶಾಲೆಗೆ ಚೀಟಿ ಬರೆದುಕೊಡುವುದು. ಪ್ರತಿಯೊಂದು ಸಮಾಧಾನವೂ ಅರ್ಧ ಗಂಟೆಯ ಮಟ್ಟಿಗೆ ಕೆಲಸ ಮಾಡಿ, ಆಮೇಲೆ ಇನ್ನೊಂದು ಸಮಾಧಾನವನ್ನು ಬೇಡುತ್ತದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಆತಂಕದ ಮಕ್ಕಳನ್ನು ಕರೆಯದೆ, ಅವರ ತಂದೆತಾಯಿಯರಿಗೆ ಮಾತ್ರ ಈ ಹೊಂದಾಣಿಕೆಗಳನ್ನು ಹಂತಹಂತವಾಗಿ ಕಡಿಮೆ ಮಾಡುವುದನ್ನು ಕಲಿಸಿದರು. ಮಕ್ಕಳಿಗೇ ನೇರವಾಗಿ ಚಿಕಿತ್ಸೆ ಕೊಟ್ಟಾಗ ಸಿಗುವಷ್ಟೇ ಫಲ ಅದರಿಂದಲೂ ಸಿಕ್ಕಿತು. ಹಾಗೆಂದು ಇಂದು ಮನೆಗೆ ಹೋಗಿ ಅತ್ತೆಗೆ ಫೋನ್ ಮಾಡುವುದನ್ನೇ ನಿಲ್ಲಿಸಬೇಡಿ. ಅವರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಎರಡನ್ನು ಒಂದಕ್ಕೆ ಇಳಿಸಿ.

ಚಿಕಿತ್ಸೆಯ ಮುಖ್ಯ ಭಾಗ ಇದೇ ತರ್ಕದ ಮೇಲೆ ನಿಂತಿದೆ. ಅರಿವು ಮತ್ತು ನಡವಳಿಕೆಯ ಚಿಕಿತ್ಸೆ, ಅಂದರೆ ಸಿ.ಬಿ.ಟಿ.ಯಲ್ಲಿ, ಬಿಟ್ಟುಹೋದದ್ದನ್ನು ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿಕೊಂಡು ಒಂದೊಂದಾಗಿ ಮರಳಿ ಪಡೆಯುತ್ತೇವೆ. ಮಧ್ಯಾಹ್ನ ಗರ್ದಿಯಿಲ್ಲದ ಹೊತ್ತಿನಲ್ಲಿ ಮಾಟುಂಗದಿಂದ ದಾದರ್‌ಗೆ ಒಂದು ನಿಲ್ದಾಣ. ಅದು ಬೇಸರ ಬರುವಷ್ಟು ರೂಢಿಯಾದ ಮೇಲೆ ಕುರ್ಲಾ. ಆಮೇಲೆ ಫಾಸ್ಟ್ ಗಾಡಿ. ಭಯ ಇಲ್ಲದಾದ ಮೇಲೆ ಹೋಗುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಭಯವನ್ನು ಜೊತೆಗೆ ಕರೆದುಕೊಂಡೇ ಹೋಗಿ, ಅದು ನಡುದಾರಿಯಲ್ಲಿ ಇಳಿದುಕೊಳ್ಳುತ್ತದೆ.

ಔಷಧಗಳ ಬಗ್ಗೆ ಇರುವ ಹಿಂಜರಿಕೆ ಬಹಳ ಮಟ್ಟಿಗೆ ಎರಡು ಬಗೆಯ ಮಾತ್ರೆಗಳನ್ನು ಒಂದೇ ಎಂದು ತಿಳಿದಿದ್ದರಿಂದ ಬಂದದ್ದು. ಎಸ್ಸಿಟಲೊಪ್ರಾಮ್, ಸರ್ಟ್ರಲೀನ್ ಮೊದಲಾದವು ಕೆಲಸ ಮಾಡಲು ಎರಡರಿಂದ ಆರು ವಾರ ಹಿಡಿಯುತ್ತವೆ. ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಾದೀತು, ಅದನ್ನು ಮೊದಲೇ ಹೇಳದಿದ್ದರೆ ಜನ ಮೂರನೆಯ ದಿನವೇ ಮಾತ್ರೆ ಬಿಡುತ್ತಾರೆ. ಇವುಗಳಿಗೆ ದಾಸರಾಗುವುದಿಲ್ಲ, ಆದರೆ ನಿಲ್ಲಿಸುವಾಗ ನಿಧಾನವಾಗಿ ಇಳಿಸಬೇಕು. ಅಲ್ಪ್ರಜೋಲಮ್, ಕ್ಲೊನಜೆಪಮ್ ಬೇರೆ ಜಾತಿಯವು. ಗಂಟೆಯೊಳಗೆ ಶಾಂತಿ ಕೊಡುತ್ತವೆ, ಅದರಿಂದಲೇ ಅಭ್ಯಾಸವಾಗುತ್ತವೆ. ಕೆಲವು ವಾರಗಳ ಮಟ್ಟಿಗೆ ವೈದ್ಯರು ಕೊಟ್ಟರೆ ಸರಿ. ನೆರೆಮನೆಯವರ ಚೀಟಿ ತೋರಿಸಿ ಮೆಡಿಕಲ್‌ನಿಂದ ವರ್ಷಗಟ್ಟಲೆ ತಂದು ನುಂಗುವುದು ಅಪಾಯ, ಹಾಗೆ ನುಂಗಿದವರು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ, ಫಿಟ್ಸ್ ಬರಬಹುದು. ಸಂಜೆಯ ಎರಡು ಪೆಗ್ಗಿನ ಕತೆಯೂ ಇದೇ. ರಾತ್ರಿ ತಗ್ಗಿಸಿದ ಆತಂಕವನ್ನು ಅದು ಬೆಳಗಿನ ಜಾವ ಹೆಚ್ಚಿಸಿ ಹಿಂದಿರುಗಿಸುತ್ತದೆ. ಊರಿಗೆ ಹೋಗಿ ದೈವದ ಮುಂದೆ ನಿಂತು ಪ್ರಾರ್ಥನೆ ಮಾಡಿಕೊಂಡು ಬರುವುದಕ್ಕೆ ನನ್ನ ಆಕ್ಷೇಪವಿಲ್ಲ. ಬಂದ ಮೇಲೆ ಮಾತ್ರೆ ಮುಂದುವರಿಸಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

2019ರಲ್ಲಿ ಜಗತ್ತಿನಲ್ಲಿ 30 ಕೋಟಿಗೂ ಹೆಚ್ಚು ಜನರಿಗೆ ಆತಂಕದ ಕಾಯಿಲೆ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ (ಮಹಾರಾಷ್ಟ್ರವೂ ಕರ್ನಾಟಕವೂ ಆ ಪಟ್ಟಿಯಲ್ಲಿರಲಿಲ್ಲ) ವಿವಿಧ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ನಮ್ಮ ಊರಿನಲ್ಲಿ ಪರೇಲಿನ ಕೆ.ಇ.ಎಂ., ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್ಲಿನ ನಾಯರ್ ಆಸ್ಪತ್ರೆ, ಈ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಸರತಿ ಉದ್ದವಿರುತ್ತದೆ, ಆದರೆ ಖರ್ಚು ಕಡಿಮೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೂವತ್ತು ವರ್ಷದಿಂದ ಇಲ್ಲಿದ್ದು ಹಿಂದಿ, ಮರಾಠಿಯಲ್ಲಿ ವ್ಯಾಪಾರವನ್ನೆಲ್ಲ ನಡೆಸುವವರು, ಒಳಗಿನ ಸಂಕಟ ಹೇಳುವಾಗ ಆ ಭಾಷೆಗಳಲ್ಲಿ ‘ಥೋಡಾ ಟೆನ್ಷನ್ ಹೈ’ ಎಂದು ಮುಗಿಸಿಬಿಡುತ್ತಾರೆ. ಕನ್ನಡದಲ್ಲೋ ತುಳುವಿನಲ್ಲೋ ಮಾತಿಗೆ ಕೂರಿಸಿದರೆ ಒಂದು ಗಂಟೆ ಸಾಲುವುದಿಲ್ಲ. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮಾತ್ರ ಭಾಷೆ, ಸರತಿ ಯಾವುದಕ್ಕೂ ಕಾಯದೆ ಹತ್ತಿರದ ಆಸ್ಪತ್ರೆಗೆ ಅಂದೇ ಹೋಗಬೇಕು.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಆರೋಗ್ಯ ವಿಮೆಯಲ್ಲಿ ಇದು ಬರುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು. 2018ರ ಮೇ 29ರಿಂದ ಜಾರಿಯಲ್ಲಿರುವ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವಂಥವು, ಆತಂಕದ ಚಿಕಿತ್ಸೆಯೋ ಬಹುಮಟ್ಟಿಗೆ ಹೊರರೋಗಿ ವಿಭಾಗದಲ್ಲೇ ನಡೆಯುತ್ತದೆ, ಆದ್ದರಿಂದ ಓ.ಪಿ.ಡಿ. ಖರ್ಚು ಸೇರಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು.

ಎರಡನೆಯ ಪ್ರಶ್ನೆ ಮುಲುಂಡಿನ ತಾಯಿಯೊಬ್ಬರದು: ‘ಡಾಕ್ಟ್ರೇ, ನಮ್ಮತ್ತೆಗೆ ಹೇಳಿದರೆ ನನಗೇನು ಹುಚ್ಚೇ ಅಂತ ಎದ್ದು ಹೋಗುತ್ತಾರೆ, ಹೇಗೆ ಕರೆದುಕೊಂಡು ಬರಲಿ?’ ಅಮ್ಮಾ, ಮೊದಲ ಭೇಟಿಗೆ ಮನೋವೈದ್ಯರೇ ಆಗಬೇಕೆಂದಿಲ್ಲ. ಅವರು ಇಪ್ಪತ್ತು ವರ್ಷದಿಂದ ನಂಬಿರುವ ಫ್ಯಾಮಿಲಿ ಡಾಕ್ಟರ ಬಳಿಗೆ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂಬ ದೂರಿನೊಂದಿಗೇ ಕರೆದುಕೊಂಡು ಹೋಗಿ. ಅವರಿಗೆ ನಿಜವಾಗಿ ಕಾಡುತ್ತಿರುವುದು ಅದೇ ಆದ್ದರಿಂದ ಅದರಲ್ಲಿ ಮೋಸವೇನೂ ಇಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಇ.ಸಿ.ಜಿ. ಆಗಲಿ. ಎಲ್ಲ ಸರಿಯಿದ್ದರೆ ಆ ಡಾಕ್ಟರೇ ಮುಂದಿನ ಮಾತು ಎತ್ತಲಿ, ಸೊಸೆಯ ಬಾಯಿಂದ ಬಂದಾಗ ಆರೋಪದಂತೆ ಕೇಳುವುದು ಅವರ ಬಾಯಿಂದ ಸಲಹೆಯಂತೆ ಕೇಳುತ್ತದೆ. ಆಗಲೂ ಒಪ್ಪದಿದ್ದರೆ ನೀವೂ ನಿಮ್ಮ ಯಜಮಾನರೂ ಇಬ್ಬರೇ ಬನ್ನಿ. ಮನೆಯಲ್ಲಿ ಅವರಿಗಾಗಿ ಯಾವ ಯಾವ ಹೊಂದಾಣಿಕೆ ನಡೆಯುತ್ತಿದೆ, ಮೊದಲು ಯಾವುದನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದನ್ನು ಅತ್ತೆಯವರು ಬಾರದಿದ್ದರೂ ಕುಳಿತು ಯೋಚಿಸಬಹುದು.